ಮುಳ್ಳು ನೋಡಿ ಪಾಮ್ ಗುರುತಿಸಿದ್ದು

ಒಂಬತ್ತು ವರ್ಷದ ಹಿಂದೆ ನಾಲ್ಕು ಪಾಮ್ ಸಸಿ ತಂದೆ. ನಾಲ್ಕೂ ಬಿದಿರಿನ ಹಾಗೆ ಮೆಳೆ ಕಟ್ಟುವ ಮುಳ್ಳಿನ ಜಾತಿ ಅಂತ ಗೊತ್ತಿತ್ತು. ಹೆಸರಿನ ಚೀಟಿಗಳ ಶಾಯಿ ಮಾತ್ರ ಮಳೆಗೆ ಅಳಿಸಿಹೋಗಿತ್ತು. ಎಳೆಯದರಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ ಅಲ್ವಾ? ಎರಡು ವರ್ಷ ಸುಮ್ನೆ ನೀರು ಹಾಕಿದೆ.

ಆಮೇಲೆ ಮುಳ್ಳು ಎಲ್ಲಿದೆ ಅಂತ ನೋಡತೊಡಗಿದೆ. ಎರಡು ಗಿಡಕ್ಕೆ ಬೀಸಣಿಗೆಯಂಥ ಎಲೆ, ದಂಟಿನ ಅಂಚಿನಲ್ಲಿ ಗರಗಸದ ಹಲ್ಲು. ಅದರಲ್ಲಿ ಒಂದರ ಎಲೆ ಬುಡದವರೆಗೂ ಸೀಳಿ, ಪ್ರತಿ ಸೀಳಿನ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಅದು ಲಿಕುವಾಲ ಸ್ಪೈನೋಸ. ಇನ್ನೊಂದರ ಎಲೆಯ ಬೆರಳಿನಂಥ ಸೀಳುಗಳು ಚೂಪು, ಎಲೆಯ ಅಡಿ ಬೆಳ್ಳಿ ಬಣ್ಣ, ಕಾಂಡಕ್ಕೆ ಕಂದು ನಾರಿನ ಹೊದಿಕೆ. ಅದು ಪೌರೋಟಿಸ್.

ಉಳಿದೆರಡಕ್ಕೆ ತೆಂಗಿನಂಥ ಗರಿ. ಇಲ್ಲಿ ಎಲೆಯ ಮಡಿಕೆ ನೋಡಬೇಕು. ಗರಿಯಿಂದ ಒಂದು ಎಲೆ ಕಿತ್ತು ಬುಡದ ಕಡೆ ಅಡ್ಡ ಕತ್ತರಿಸಿ ನೋಡಿದೆ. ಮೊದಲನೆಯದು ಮಳೆನೀರು ನಿಲ್ಲುವಂಥ ದೋಣಿ. ದಂಟಿನ ಬುಡದಲ್ಲಿದ್ದ ಮುಳ್ಳುಗಳು ಮೇಲೆ ಹೋದಂತೆ ನಿಧಾನಕ್ಕೆ ಎಲೆಗಳೇ ಆಗಿದ್ದವು. ಅಂದರೆ ಆ ಮುಳ್ಳು ಎಲೆಯದೇ ಇನ್ನೊಂದು ರೂಪ. ಇದು ಈಚಲಿನ ಬಳಗ, ಫೀನಿಕ್ಸ್ ರೆಕ್ಲಿನಾಟ. ಪಕ್ಕಾ ಅನ್ನಲಾರೆ, ಈ ಬಳಗದವು ಒಂದಕ್ಕೊಂದು ಸುಲಭವಾಗಿ ಬೆರಕೆಯಾಗುತ್ತವೆ. ಎರಡನೆಯದರ ಮಡಿಕೆ ತಲೆಕೆಳಗು, ಮನೆ ಮಾಡಿನ ಹಾಗೆ. ಕಾಂಡದ ತುಂಬ ಕರಿ ಸೂಜಿಗಳು, ಎಲೆಗಳು ಜೋಲುಬಿದ್ದಿದ್ದವು. ಅದು ನಿಬುಂಗ್, ಆಂಕೋಸ್ಪರ್ಮ ಟಿಗಿಲೇರಿಯಂ.

ಹೆಸರು ತಿಳಿದ ಮೇಲೆ ಜಾಗ ಬದಲಿಸಿದೆ. ಬಿಸಿಲಿಗೆ ಸುಡುತ್ತಿದ್ದ ಲಿಕುವಾಲವನ್ನು ನೆರಳಿಗೆ ತಂದೆ. ನಿಬುಂಗ್‌ನ ತವರು ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿಂಬದಿ, ಹಾಗಾಗಿ ನೀರು ಜಾಸ್ತಿ ಕೊಟ್ಟೆ. ಹೆಚ್ಚು ಸತಾಯಿಸಿದ್ದು ಪೌರೋಟಿಸ್. ಸುಳಿಯಿಂದ ಬಂದ ಹೊಸ ಎಲೆಗಳೆಲ್ಲ ಚಿಕ್ಕವು, ಹಳದಿ, ತುದಿ ಸುಟ್ಟ ಹಾಗೆ ಮುದುಡಿದ್ದವು. ಗೊಬ್ಬರ ಸುರಿದೆ, ಏನೂ ಆಗಲಿಲ್ಲ. ಸುಣ್ಣದ ಮಣ್ಣಿನಲ್ಲಿ ಅದಕ್ಕೆ ಮ್ಯಾಂಗನೀಸ್ ಅನ್ನುವ ಪೋಷಕಾಂಶ ಸರಿಯಾಗಿ ಸಿಗುವುದಿಲ್ಲ. ಮ್ಯಾಂಗನೀಸ್ ಸಲ್ಫೇಟ್ ಕೊಟ್ಟ ಮೇಲೆ ಬಂದ ಎಲೆಗಳು ಸರಿಯಾಗಿದ್ದವು. ಕೆಟ್ಟ ಎಲೆ ಮಾತ್ರ ಹಾಗೇ ಉಳಿಯಿತು, ಅದು ಮತ್ತೆ ಹಸಿರಾಗುವುದಿಲ್ಲ. ಅಡಿಯ ಹಳೇ ಗರಿ ಹಳದಿಯಾದರೆ ಬೇರೆ ಕಥೆ, ಅದು ಸಾಮಾನ್ಯವಾಗಿ ಪೊಟ್ಯಾಷ್ ಕೊರತೆ. ಅಂಥ ಗರಿ ಪೂರ್ತಿ ಒಣಗುವ ತನಕ ನಾನು ಕಡಿಯುವುದಿಲ್ಲ. ಗಿಡ ಅದರಿಂದಲೇ ಪೊಟ್ಯಾಷ್ ಎಳೆದುಕೊಳ್ಳುತ್ತಿರುತ್ತದೆ.

ಕಂದು, ಅಂದರೆ ಬುಡದಲ್ಲಿ ಏಳುವ ಮರಿಗಿಡ, ತೆಗೆಯುವ ಕೆಲಸ ಮುಂದೂಡಬಾರದು. ಫೀನಿಕ್ಸ್ ಮೆಳೆಯನ್ನು ನಾಲ್ಕು ವರ್ಷ ಮುಟ್ಟಿರಲಿಲ್ಲ. ಆಮೇಲೆ ಕೈ ಹಾಕಿದಾಗ ಬೆರಳಿನ ಗೆಣ್ಣಿಗೆ ಮುಳ್ಳು ಹೊಕ್ಕು ತುದಿ ಒಳಗೇ ಮುರಿಯಿತು. ಹೊರಗಿನ ಗಾಯ ಎರಡೇ ದಿನದಲ್ಲಿ ಮಾಯಿತು, ಗೆಣ್ಣು ಮಾತ್ರ ಮೂರು ವಾರ ಊದಿಕೊಂಡೇ ಇತ್ತು. ಕೊನೆಗೆ ಡಾಕ್ಟರು ಕೊಯ್ದು ತೆಗೆದರು. ಈಗ ಕಂದು ಮೊಣಕಾಲೆತ್ತರ ಇರುವಾಗಲೇ ಕಡಿಯುತ್ತೇನೆ, ಐದಾರು ಕಾಂಡ ಮಾತ್ರ ಬಿಡುತ್ತೇನೆ. ಮೊದಲು ಉದ್ದ ಹಿಡಿಯ ಗರಗಸದಲ್ಲಿ ದಂಟಿನ ಬುಡದ ಮುಳ್ಳನ್ನೆಲ್ಲ ಸವರಿ ಹಾಕುತ್ತೇನೆ. ಕೈ ಹೋಗುವುದು ಆಮೇಲೇ, ಅದೂ ದಪ್ಪ ಚರ್ಮದ ಗವಸು ತೊಟ್ಟು.