‘ಯಾವಾಗ ಆಗುತ್ತೆ?’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಹಳೆಯ ಮನೆ ಕೆಡವಿದಾಗ ನಾನು ಎತ್ತಿಟ್ಟುಕೊಂಡದ್ದು ಒಂದೇ ವಸ್ತು, ಜೋಡಿ ಕದದ ತೇಗದ ಬಾಗಿಲು. ಬಣ್ಣದ ಮೇಲೆ ಬಣ್ಣ ಬಳಿದು ಅದು ಯಾವ ಮರವೆಂದೇ ಗೊತ್ತಾಗದಂತಾಗಿತ್ತು. ಕೆರೆದು ನೋಡಿದರೆ ಒಳಗೆ ಜೇನಿನ ಬಣ್ಣದ ಹಲಗೆ. ಬಿಚ್ಚಿದಾಗ ಒಳ್ಳೆಯವು ಏಳು ಸಿಕ್ಕವು, ಒಂದೊಂದೂ 6 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಇವುಗಳಲ್ಲಿ ಬರೆಯುವ ಮೇಜು ಮಾಡಿಸಬೇಕೆಂದು ಹೊರಟೆ. 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಡ್ರಾಯರ್. 45 ದಿನದಲ್ಲಿ ಆಗಬೇಕಾದದ್ದು 14 ತಿಂಗಳು ಹಿಡಿಯಿತು. ಅದೂ ಶುರು ಮಾಡಿದವರ ಕೈಯಲ್ಲಿ ಮುಗಿಯಲಿಲ್ಲ.

ಬಡಗಿಯನ್ನು ನಾನು ಕಣ್ಣುಮುಚ್ಚಿ ಆರಿಸಿದ್ದಲ್ಲ. ಪರಿಚಯದವರ ಮನೆಯಲ್ಲಿ ಅವರು ಮಾಡಿದ ಕುರ್ಚಿಯೊಂದನ್ನು ತಿರುಗಿಸಿ, ಬುಡ ಮೇಲೆ ಮಾಡಿ ನೋಡಿದ್ದೆ. ಕಾಲು ಮತ್ತು ಪಟ್ಟಿ ಸೇರುವಲ್ಲಿ ಒಂದು ಕೂದಲೂ ತೂರದಷ್ಟು ಬಿಗಿ. ಅಷ್ಟು ಸಾಕು ಅನ್ನಿಸಿತು. ಕೈಕೆಲಸ ಚೆನ್ನಾಗಿದ್ದವರು ಮಾತನ್ನೂ ಹಾಗೇ ಉಳಿಸಿಕೊಳ್ಳುತ್ತಾರೆ ಎಂದು ಯಾಕೆ ಅಂದುಕೊಂಡೆನೋ. ಒಟ್ಟು ಮಾತಾದ ಹಣದಲ್ಲಿ ನೂರಕ್ಕೆ 70 ಭಾಗ ಮೊದಲೇ ಕೊಟ್ಟೆ. ಹಲಗೆಯನ್ನೂ ಕೊಟ್ಟೆ, ಹಣವನ್ನೂ ಕೊಟ್ಟೆ, ನನ್ನ ಕೈಯಲ್ಲಿ ಉಳಿದದ್ದು ಒಂದು ಫೋನ್ ನಂಬರ್. ಹಲಗೆಗಳ ಒಂದು ಫೋಟೊ ಕೂಡ ತೆಗೆದುಕೊಂಡಿರಲಿಲ್ಲ.

ಮೊದಲ ನಾಲ್ಕು ತಿಂಗಳು ಕಾರಣಗಳ ಕಾಲ. ಅವುಗಳನ್ನು ಕೇಳಿ ಕೇಳಿ ನಾನು ಮರದ ಬಗ್ಗೆ ಓದಲು ಶುರು ಮಾಡಿದೆ. ಸುಳ್ಳು ಹಿಡಿಯುವ ಚಪಲಕ್ಕೇ ಓದಿದ್ದು, ಒಪ್ಪಿಕೊಳ್ಳುತ್ತೇನೆ. ಓದಿದ ಮೇಲೆ ಗೊತ್ತಾದದ್ದು ಬೇರೆ: ಅವರು ಹೇಳಿದ್ದರಲ್ಲಿ ಅರ್ಧ ನಿಜವೇ ಆಗಿತ್ತು.

‘ಹಲಗೆಯೊಳಗೆ ಮೊಳೆ ಇದಾವೆ ಸಾರ್, ಮಿಷನ್ನಿಗೆ ಕೊಟ್ರೆ ಬ್ಲೇಡ್ ಹೋಗುತ್ತೆ’ ಅಂದರು. ಇದು ನಿಜ. ಹಳೆಯ ಮರದಲ್ಲಿ ತಲೆ ಮುರಿದ ಮೊಳೆ ಒಳಗೇ ಕೂತಿರುತ್ತದೆ, ಒಂದೇ ಒಂದು ಸಾಕು ಬ್ಲೇಡಿನ ಬಾಯಿ ಮುರಿಯಲು. ಒಂದೊಂದನ್ನೂ ಹುಡುಕಿ ಕಿತ್ತೇ ಹತ್ತರಿ ಹಾಕಬೇಕು. ಆಮೇಲೆ ‘ಮರ ಇನ್ನೂ ಒಣಗ್ಬೇಕು’ ಅಂದರು. ಇದು ನನ್ನ ಹಲಗೆಗೆ ಹೊಂದುವ ಮಾತಲ್ಲ. ಹಸಿ ಮರವನ್ನು ಗಾಳಿಗೆ ಒಣಗಿಸುವಾಗ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂದು ಬಡಗಿಗಳ ಲೆಕ್ಕ. ಮನೆಯೊಳಗಿನ ಪೀಠೋಪಕರಣಕ್ಕೆ ಮರದಲ್ಲಿ ತೇವ ನೂರಕ್ಕೆ 8ರಿಂದ 12ರ ಆಸುಪಾಸಿಗೆ ಇಳಿದಿರಬೇಕು ಎನ್ನುತ್ತಾರೆ. ಆದರೆ ಬಾಗಿಲಾಗಿ ದಶಕಗಟ್ಟಲೆ ನಿಂತ ಮರದಲ್ಲಿ ಹೊಸದಾಗಿ ಒಣಗಲು ಏನಿರುತ್ತದೆ? ಮೂರನೆಯ ಕಾರಣ, ಮಳೆಯಲ್ಲಿ ಪಾಲಿಶ್ ಬಿಳಿಚಿಕೊಳ್ಳುತ್ತೆ ಎಂಬುದು. ಅರಗಿನ ಪಾಲಿಶ್ ತೇವದ ಗಾಳಿಯಲ್ಲಿ ಮಂಜು ಕವಿದಂತೆ ಬೆಳ್ಳಗಾಗುವುದು ಹೌದು. ಆದರೆ ಪಾಲಿಶ್ ಕಟ್ಟಕಡೆಯ ಕೆಲಸ. ಹಲಗೆ ಜೋಡಿಸಿಯೇ ಇಲ್ಲದಾಗ ಪಾಲಿಶ್ ಮಾತು ಬಂದರೆ ಅದು ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ. ನನಗೆ ಆಗ ಜೋಡಿಸಿದ್ದಾರೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಕೇಳಿರಲಿಲ್ಲ. ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಯಾವಾಗ ಆಗುತ್ತೆ?’ ಅದಕ್ಕೆ ಯಾವಾಗಲೂ ಒಂದೇ ಉತ್ತರ: ‘ಮುಂದಿನ ವಾರ ಸಾರ್.’

ಐದನೆಯ ತಿಂಗಳಿಗೆ ಆ ಉತ್ತರವೂ ನಿಂತಿತು. ಫೋನ್ ರಿಂಗ್ ಆಗುತ್ತೆ, ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ನೀಲಿ ಗೆರೆ ಮೂಡುತ್ತೆ, ಮರುಮಾತಿಲ್ಲ.

ಆಗ ನಾನು ಮಾಡಿದ ದಡ್ಡತನವನ್ನೂ ಬರೆದುಬಿಡುತ್ತೇನೆ. ಒಂದೇ ದಿನ ಒಂಬತ್ತು ಸಲ ಫೋನ್ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಉದ್ದನೆಯ ಸಂದೇಶ ಕಳಿಸಿದೆ, ಅದರಲ್ಲಿ ‘ಮೋಸ’ ಎಂಬ ಪದ ಮೂರು ಸಲ ಇತ್ತು. ಹೆಂಡತಿಯ ಫೋನಿನಿಂದ ಮಾಡಿದೆ. ಎತ್ತಿದರು, ‘ಹಲೋ’ ಅಂದರು, ನನ್ನ ದನಿ ಕೇಳಿದ್ದೇ ಕಟ್. ಬೇರೆ ನಂಬರಿನ ಈ ಉಪಾಯ ಒಂದು ಸಲ ಮಾತ್ರ ನಡೆಯುತ್ತದೆ. ಆಮೇಲೆ ಅವರು ಗೊತ್ತಿಲ್ಲದ ಯಾವ ನಂಬರನ್ನೂ ಎತ್ತುವುದಿಲ್ಲ, ಅಲ್ಲಿಗೆ ಇದ್ದ ಒಂದು ಕಿಟಕಿಯನ್ನೂ ನಾವೇ ಮುಚ್ಚಿದ ಹಾಗೆ.

ನನ್ನ ಕಣ್ಣು ತೆರೆಸಿದ್ದು ಚಿಕ್ಕಮ್ಮನ ಮಗಳು. ಅವಳು ಹೊಲಿಗೆ ಕೆಲಸ ಮಾಡುತ್ತಾಳೆ. ನನ್ನ ಗೋಳು ಕೇಳಿ ಅಯ್ಯೋ ಪಾಪ ಅಂದಾಳು ಅಂದುಕೊಂಡರೆ, ನಕ್ಕಳು.

‘ಅಣ್ಣಾ, ನಾನೂ ಎತ್ತಲ್ಲ’ ಅಂದಳು.

‘ಯಾಕೆ?’

‘ಮೊದಲನೇ ಸಲ ಎತ್ತದೇ ಇರೋದು, ಕೈ ಖಾಲಿ ಇಲ್ಲ ಅಂತ. ಎರಡನೇ ಸಲ, ಮೊದಲನೇ ಸಲ ಎತ್ತಲಿಲ್ವಲ್ಲ ಅಂತ. ಹತ್ತನೇ ಸಲ ಆದ್ಮೇಲೆ ಏನ್ ಮುಖ ಇಟ್ಕೊಂಡು ಎತ್ತೋದು ಹೇಳು. ಮತ್ತೆ ಇನ್ನೊಂದು. ನಿನ್ನ ಹತ್ರ ಬರೋದು ಇನ್ನು ಎಷ್ಟಿದೆ ಅವರಿಗೆ?’

‘30 ಭಾಗ.’

‘70 ಭಾಗ ಯಾವಾಗ್ಲೋ ಖರ್ಚಾಗಿರುತ್ತೆ. ನಿನ್ನ ಕೆಲಸ ಈಗ ಅವರಿಗೆ ದುಡಿಮೆ ಅಲ್ಲ, ಸಾಲ. ಇವತ್ತು ಹೊಸಬರು ಅಡ್ವಾನ್ಸ್ ಹಿಡ್ಕೊಂಡು ಬಂದ್ರೆ ಅವರು ಯಾರ ಕೆಲಸ ಕೈಗೆತ್ಕೋತಾರೆ?’

ಒಬ್ಬರೇ ದುಡಿಯುವ ಕೆಲಸಗಾರರ ಲೆಕ್ಕ ಬಹುಪಾಲು ಹೀಗೇ ಉರುಳುತ್ತದಂತೆ: ಹೊಸ ಅಡ್ವಾನ್ಸಿನಲ್ಲಿ ಹಳೆಯ ಕೆಲಸದ ಸಾಮಾನು. ನಡುವೆ ಒಂದು ಗಾಲಿ ಸಿಕ್ಕಿಕೊಂಡರೆ ಹಿಂದಿನವೆಲ್ಲ ಸಾಲಾಗಿ ನಿಲ್ಲುತ್ತವೆ. ಇದರಿಂದ ನನ್ನ ಸಿಟ್ಟೇನೂ ಕಡಿಮೆಯಾಗಲಿಲ್ಲ. ಆದರೆ ಬೈದು ಕೆಲಸ ಮಾಡಿಸಬಹುದು ಎಂಬ ನಂಬಿಕೆ ಹೋಯಿತು. ‘ಹೋಗಿ ಕೂತ್ಕೋ. ಯಾವಾಗ ಅಂತ ಕೇಳ್ಬೇಡ, ಎಲ್ಲಿಗೆ ಬಂದಿದೆ ತೋರಿಸಿ ಅನ್ನು. ಯಾವಾಗ ಅಂದ್ರೆ ನಾವು ಬಾಯಿಗೆ ಬಂದಿದ್ದು ಹೇಳ್ತೀವಿ. ತೋರಿಸಿ ಅಂದ್ರೆ ಹೇಳೋಕೆ ಏನೂ ಇರಲ್ಲ’ ಅಂದಳು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಬಡಗಿಯ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋದೆ. ಸಂಜೆ ಹೋದರೆ ಬೇರೆ ಗಿರಾಕಿಗಳು ಇರುತ್ತಾರೆ. ಅವರ ಎದುರಿಗೆ ಕೇಳಿದರೆ ಮರ್ಯಾದೆಯ ಪ್ರಶ್ನೆ ಎದ್ದು ಕೂರುತ್ತದೆ, ಮೇಜು ಮೂಲೆಗೆ ಸರಿಯುತ್ತದೆ. ನನ್ನನ್ನು ನೋಡಿದ್ದೇ ಅವರು ಪೊರಕೆ ತೆಗೆದುಕೊಂಡು ನಿನ್ನೆಯ ಮರದ ಹೊಟ್ಟನ್ನು ಗುಡಿಸತೊಡಗಿದರು. ಗುಡಿಸಿ ಮುಗಿಯುವ ತನಕ ಸುಮ್ಮನೆ ನಿಂತಿದ್ದೆ. ಆಮೇಲೆ, ‘ಆಚಾರ್ರೇ, ಜಗಳಕ್ಕೆ ಬಂದಿಲ್ಲ. ಎಲ್ಲಿಗೆ ಬಂದಿದೆ ಅಂತ ಒಂದ್ಸಲ ತೋರಿಸಿ’ ಅಂದೆ.

ತೋರಿಸಿದರು. ನಾಲ್ಕು ಕಾಲು ಕೊರೆದು ಇಟ್ಟಿದ್ದರು. ಎಡಗಡೆಯ ಡ್ರಾಯರ್ ಪೂರ್ತಿ ಆಗಿತ್ತು, ಮೂಲೆಗಳಲ್ಲಿ ಬೆರಳಿಗೆ ಬೆರಳು ಹೆಣೆದಂಥ ಕೂಡಿಕೆ, ಮುಟ್ಟಿದರೆ ಗೊತ್ತೇ ಆಗದಷ್ಟು ನಯ. ಮೇಲುಹಲಗೆಗೆಂದು ಇಟ್ಟವನ್ನು ಗೋಡೆಗೆ ಒರಗಿಸಿದ್ದರು. ಎಣಿಸಿದೆ. ಐದು ಇರಬೇಕಾದಲ್ಲಿ ನಾಲ್ಕು.

ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೇಳಿದರು. ಅವರು ಇಲ್ಲದ ದಿನ ಸಹಾಯಕ ಹುಡುಗ ಒಂದು ಹಲಗೆಯನ್ನು ಕುಯ್ದು ಬೇರೆಯವರ ಕಪಾಟಿಗೆ ಹಾಕಿಬಿಟ್ಟಿದ್ದ. ಗೊತ್ತಾಗುವಷ್ಟರಲ್ಲಿ ಕಪಾಟು ಹೊರಟುಹೋಗಿತ್ತು. ಅದೇ ಬಣ್ಣದ, ಅದೇ ವಯಸ್ಸಿನ ತೇಗ ಎಲ್ಲಾದರೂ ಸಿಕ್ಕರೆ ನನಗೆ ತಿಳಿಯದ ಹಾಗೆ ಸೇರಿಸಿಬಿಡೋಣ ಎಂದು ಹುಡುಕುತ್ತಿದ್ದರಂತೆ. ಮೂರು ತಿಂಗಳ ಮೌನದ ಒಳಗಿದ್ದದ್ದು ಒಂದು ಹಲಗೆ.

ನಾನು ಎಷ್ಟು ಸಲ ‘ಯಾವಾಗ’ ಎಂದು ಕೇಳಿದ್ದರೂ ಇದು ಹೊರಗೆ ಬರುತ್ತಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಇಷ್ಟು ಸಮಾಧಾನವಾಗಿ ಯೋಚಿಸಿದೆ ಅಂದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಹಣ ಹೋದರೆ ಬಂದೀತು, ಆ ಬಾಗಿಲು ಇನ್ನೊಂದಿಲ್ಲ. ಹೊರಗೆ ಹೋಗಿ ರಸ್ತೆಯಲ್ಲಿ ಎರಡು ಸುತ್ತು ನಡೆದು ಬಂದೆ.

ಬಂದು, ಅವರದೇ ಬೆಂಚಿನ ಮೇಲೆ ಕೂತು ಒಂದು ಹಾಳೆಯಲ್ಲಿ ಬರೆದೆವು. ಹೊಂದುವ ಹಲಗೆ ಹುಡುಕಲು ಎರಡು ವಾರ, ಸಿಗದಿದ್ದರೆ ಇದ್ದ ನಾಲ್ಕರಲ್ಲೇ ಮೇಜು. ಕಾಲು ಮತ್ತು ಪಟ್ಟಿ ಸೇರಿಸಿ ಚೌಕಟ್ಟು ನಿಲ್ಲಿಸಲು ಇಂಥ ದಿನ. ಮೇಲುಹಲಗೆ ಜೋಡಿಸಲು ಇಂಥ ದಿನ. ಉಳಿದ 30 ಭಾಗವನ್ನು ಮೂರು ಪಾಲು ಮಾಡಿ, ಕಣ್ಣಾರೆ ನೋಡಿದ ಮೇಲೆ ಒಂದೊಂದು ಪಾಲು. ಕೊನೆಯಲ್ಲಿ ಒಂದು ತಾರೀಖು: ಅಂದಿಗೆ ಮುಗಿಯದಿದ್ದರೆ ಆದಷ್ಟನ್ನು ಆದ ಹಾಗೆಯೇ ನಾನು ತೆಗೆದುಕೊಂಡು ಹೋಗುವುದು, ಲೆಕ್ಕ ಆಮೇಲೆ. ಇಬ್ಬರೂ ಸಹಿ ಹಾಕಿದೆವು. ನಾಲ್ಕು ಹಲಗೆಗಳ ತುದಿಗೂ ಸುಣ್ಣದ ಕಡ್ಡಿಯಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದು ಎಲ್ಲದರ ಫೋಟೊ ತೆಗೆದೆ. ಇದನ್ನು ಮೊದಲ ದಿನವೇ ಮಾಡಿದ್ದರೆ ಆ ಹುಡುಗ ಕೈ ಹಾಕುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ತಪ್ಪು ಅವನದಷ್ಟೇ ಅಲ್ಲ.

ಆಮೇಲೆ ಪ್ರತಿ ಶನಿವಾರ ಒಂದೇ ಸಂದೇಶ: ‘ಆಚಾರ್ರೇ, ಈಗ ಹೇಗಿದೆಯೋ ಹಾಗೇ ಒಂದು ಫೋಟೊ ಕಳಿಸಿ.’ ಆಗಿಲ್ಲದಿದ್ದರೂ ಕಳಿಸಿ ಎಂದು ಮೊದಲೇ ಹೇಳಿದ್ದೆ. ಮೊದಲ ಐದು ಶನಿವಾರ ಫೋಟೊ ಬಂತು. ಹಲಗೆ ಸಿಗಲಿಲ್ಲ. ಚೌಕಟ್ಟು ನಿಂತಿತು, ಮೊದಲ ಪಾಲು ಕೊಟ್ಟೆ. ಆರನೆಯ ಶನಿವಾರ ಬರಲಿಲ್ಲ. ಏಳನೆಯದೂ.

ಇಲ್ಲಿ ನಾನು ಮೆತ್ತಗಾಗುತ್ತಿದ್ದೆ. ಇಷ್ಟು ಆಗಿದೆಯಲ್ಲ, ಇನ್ನೊಂದು ತಿಂಗಳು ನೋಡೋಣ ಅನ್ನಿಸುತ್ತಿತ್ತು. ಅವರ ಮೇಲೆ ಒಂಥರಾ ಪ್ರೀತಿಯೂ ಬಂದಿತ್ತು. ಆದರೆ ಬರೆದ ತಾರೀಖನ್ನು ನಾನೇ ಮುಂದೆ ತಳ್ಳಿದರೆ ಆ ಹಾಳೆಗೆ ಅರ್ಥವಿರಲಿಲ್ಲ. ತಾರೀಖು ದಾಟಿದ ಮರುದಿನ ಒಂದು ಪತ್ರ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಮುಕ್ಕಾಲು ಪುಟ. ಯಾವ ದಿನ ಏನು ಕೊಟ್ಟೆ, ಏನು ಒಪ್ಪಿಕೊಂಡಿದ್ದೆವು, ಏನಾಗಿದೆ, ನನಗೆ ಏನು ಬೇಕು, ಎಷ್ಟು ದಿನದೊಳಗೆ. ಸಹಿ ಹಾಕಿದ ಹಾಳೆಯ ನಕಲು ಜೊತೆಗೆ. ‘ಮೋಸ’, ‘ನಂಬಿಕೆ ದ್ರೋಹ’ ಒಂದೂ ಇಲ್ಲ. ಮೊದಲ ಕರಡಿನಲ್ಲಿ ಇದ್ದವು, ಹೆಂಡತಿ ಹೊಡೆದುಹಾಕಿದಳು. ಮುಂದೆ ದೂರು ಕೊಡುವ ಹಾಗಾದರೆ ಓದುವವರಿಗೆ ಬೇಕಾದದ್ದು ತಾರೀಖು ಮತ್ತು ಮೊತ್ತ, ನಮ್ಮ ಸಂಕಟವಲ್ಲ ಎಂದಳು.

ಪತ್ರ ತಲುಪಿದ ಸಂಜೆಯೇ ಫೋನ್ ಬಂತು. ಏಳು ತಿಂಗಳಲ್ಲಿ ಅವರಾಗಿ ಮಾಡಿದ ಮೊದಲ ಕರೆ. ‘ತಗೊಂಡ್ ಹೋಗಿ ಸಾರ್’ ಅಂದರು, ದನಿಯಲ್ಲಿ ಸಿಟ್ಟಿರಲಿಲ್ಲ, ಹಗುರವಾದವರ ಹಾಗಿತ್ತು. ಆದ ಕೆಲಸಕ್ಕೆ ಬೆಲೆ ಕಟ್ಟಿ, ಕಳೆದ ಹಲಗೆಯ ಬೆಲೆಯನ್ನು ಮುರಿದುಕೊಂಡು, ಹೆಚ್ಚುವರಿ ಹಣವನ್ನು ಮೂರು ಕಂತಿನಲ್ಲಿ ಹಿಂದಿರುಗಿಸುವುದೆಂದು ಮಾತಾಯಿತು. ಎರಡು ಕಂತು ಬಂತು. ಮೂರನೆಯದು ಬರಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಬೇಕಂತಲೇ ಬಿಟ್ಟೆನೋ, ಸುಸ್ತಾಗಿ ಬಿಟ್ಟೆನೋ, ನನಗೇ ಸ್ಪಷ್ಟವಿಲ್ಲ.

ಅರ್ಧ ಮೇಜನ್ನು ಮುಗಿಸಿಕೊಡುವವರನ್ನು ಹುಡುಕುವುದು ಹೊಸ ಮೇಜು ಮಾಡಿಸುವುದಕ್ಕಿಂತ ಕಷ್ಟ. ಇಬ್ಬರು ನೋಡಿಯೇ ಕೈ ಮುಗಿದರು. ನಾಳೆ ಕಾಲು ಅಲ್ಲಾಡಿದರೆ ಹೆಸರು ಯಾರಿಗೆ ಎಂಬುದು ಅವರ ಚಿಂತೆ, ನ್ಯಾಯವೇ. ಮೂರನೆಯವರು ವಯಸ್ಸಾದವರು. ಯಾವ ಗೋಂದು ಹಾಕಿದ್ದಾರೆ ಎಂದು ಮೊದಲು ಕೇಳಿದರು. ಬಿಳಿ ಗೋಂದು, ಅಂದೆ. ‘ಹಂಗಾದ್ರೆ ಬಿಚ್ಚೋಕಾಗಲ್ಲ, ಇದ್ದಂಗೇ ಮುಂದಕ್ಕೆ ಹೋಗ್ಬೇಕು’ ಅಂದರು. ಆಮೇಲೆ ನಾಲ್ಕು ಹಲಗೆಗಳನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟು, ಒಂದನ್ನು ತಿರುವಿ, ಎರಡರ ಜಾಗ ಬದಲಿಸಿದರು. ಅಲ್ಲಿಯವರೆಗೆ ಗೀಚಿನಂತೆ ಕಾಣುತ್ತಿದ್ದ ಸೀಸದ ಕಡ್ಡಿಯ ಗೆರೆಗಳೆಲ್ಲ ಸೇರಿ ಒಂದು ದೊಡ್ಡ ತ್ರಿಕೋನವಾಯಿತು. ಯಾವ ಹಲಗೆ ಯಾವುದರ ಪಕ್ಕ, ಯಾವ ಮುಖ ಮೇಲೆ ಎಂದು ಮೊದಲಿನವರು ಗುರುತು ಮಾಡಿಟ್ಟಿದ್ದರು. ‘ಕೆಲಸ ಬಲ್ಲೋರು’ ಎಂದು ಇವರು ತಮ್ಮಷ್ಟಕ್ಕೆ ಹೇಳಿಕೊಂಡರು. ಮತ್ತೇನೂ ಕೇಳಲಿಲ್ಲ.

ಈ ಸಲ ಅಡ್ವಾನ್ಸ್ 30 ಭಾಗ, ಮಿಕ್ಕದ್ದು ಕೆಲಸ ನೋಡಿ. ಹಾಳೆ ಮೊದಲೇ ಬರೆದದ್ದು. ಐದು ವಾರದಲ್ಲಿ ಮೇಜು ಮನೆಗೆ ಬಂತು. ಅಗಲ ಎರಡು ಅಡಿಗೂ ಸ್ವಲ್ಪ ಕಡಿಮೆ. ಪುಸ್ತಕ ಬಿಚ್ಚಿಟ್ಟರೆ ಟೀ ಲೋಟಕ್ಕೆ ಜಾಗವಿಲ್ಲ.

ಡ್ರಾಯರ್‌ಗಳಲ್ಲಿ ಎಡಗಡೆಯದು ಮೊದಲಿನವರದು, ಬಲಗಡೆಯದು ಎರಡನೆಯವರದು. ಮರ ಉಬ್ಬುವುದು ಎಳೆಗೆ ಅಡ್ಡಲಾಗಿ, ಹಾಗಾಗಿ ಮಳೆ ಹಿಡಿದರೆ ಡ್ರಾಯರಿನ ಪಕ್ಕದ ಹಲಗೆಗಳು ಎತ್ತರದಲ್ಲಿ ಬೆಳೆಯುತ್ತವೆ. ಬಲಗಡೆಯದನ್ನು ಆಗ ಎರಡೂ ಕೈಯಲ್ಲಿ ಎಳೆಯಬೇಕು. ಎಡಗಡೆಯದಕ್ಕೆ ಮೇಲೊಂದಿಷ್ಟು ಸಂದು ಬಿಟ್ಟಿದ್ದಾರೆ, ಯಾವ ಕಾಲದಲ್ಲೂ ಒಂದೇ ಬೆರಳಿಗೆ ಬರುತ್ತದೆ. ಸಹಿ ಹಾಕಿದ ಆ ಹಾಳೆಯನ್ನು ಅದರೊಳಗೇ ಇಟ್ಟಿದ್ದೇನೆ.