ಒಳ್ಳೆ ಗೈಡ್ ಯಾರು? ನಾವು ಹುಡುಕಿದ ರೀತಿ

ನಮ್ಮಲ್ಲಿ ಶಿಕ್ಷಕರ ದಿನಕ್ಕೆ ಒಬ್ಬ ಪಿಎಚ್‌ಡಿ ಗೈಡ್‌ಗೆ ಸನ್ಮಾನ ಮಾಡೋಣ ಅಂತ ತೀರ್ಮಾನವಾದಾಗ ಆಯ್ಕೆಯ ಕೆಲಸ ನನ್ನ ತಲೆಗೆ ಬಿತ್ತು. ಮೊದಲ ವರ್ಷ ಸುಲಭದ ದಾರಿ ಹಿಡಿದೆವು. ಯಾರ ಹತ್ತಿರ ಎಷ್ಟು ಜನ ಪಿಎಚ್‌ಡಿ ಮುಗಿಸಿದ್ದಾರೆ ಅಂತ ಎಣಿಸಿದೆವು. ಜಾಸ್ತಿ ಇದ್ದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ.

ಸಮಾರಂಭ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಅವರ ಹತ್ತಿರವೇ ಪಿಎಚ್‌ಡಿ ಮಾಡಿದ ಒಬ್ಬ ಹಳೆಯ ಸ್ಕಾಲರ್ ಸಿಕ್ಕಿದ. "ಸರ್, ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಮೇಲೆ ಅವರ ಒಂದು ಸಹಿಗೆ ಏಳು ತಿಂಗಳು ಓಡಾಡಿದೀನಿ. ನಡುವೆ ಅವರ ಗೃಹಪ್ರವೇಶಕ್ಕೆ ಶಾಮಿಯಾನವನ್ನೂ ಹಾಕಿಸಿದೀನಿ" ಅಂದ. ನಗುತ್ತಲೇ ಹೇಳಿದ. ನನಗೆ ಟೀ ಇಳಿಯಲಿಲ್ಲ.

ಎಣಿಕೆಯೇ ತಪ್ಪಾಗಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರೊಫೆಸರ್ ಒಮ್ಮೆಗೆ 8 ಜನರಿಗೆ ಗೈಡ್ ಆಗಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ಹಾಗಾಗಿ ತಲೆ ಎಣಿಸಿದರೆ ಗೆಲ್ಲುವುದು ಹುದ್ದೆ, ಅಷ್ಟೇ.

ಎರಡನೇ ವರ್ಷ ಎಣಿಕೆ ಬಿಟ್ಟೆವು. ಗೈಡ್ ಬಗ್ಗೆ ಈಗಿನ ಸ್ಕಾಲರ್‌ಗಳಿಂದ ಪತ್ರ ತರಿಸಲೂ ಹೋಗಲಿಲ್ಲ. ಪ್ರಗತಿ ವರದಿಗೂ ಗೈಡ್ ಸಹಿ ಬೇಕು, ಫೆಲೋಶಿಪ್ ಬಿಲ್ಲಿಗೂ ಬೇಕು. ಅಂಥವರ ಬಗ್ಗೆ ಯಾರು ತಾನೇ ಕೆಟ್ಟದ್ದು ಬರೆಯುತ್ತಾರೆ? ನೇಚರ್ ಅನ್ನುವ ವಿಜ್ಞಾನ ಪತ್ರಿಕೆ 2005ರಿಂದ ಮಾರ್ಗದರ್ಶಕರಿಗೆ ಪ್ರಶಸ್ತಿ ಕೊಡುತ್ತಿದೆ. ಅಲ್ಲಿ ಬೇರೆ ಬೇರೆ ಕಾಲದಲ್ಲಿ ಅವರ ಕೈಕೆಳಗೆ ಪಳಗಿದ ಐದು ಜನ ಹೇಳಬೇಕು. ನಾವೂ ಹಳಬರನ್ನೇ ಹುಡುಕಿದೆವು. ಗೈಡ್ ಕೊಟ್ಟ ಪಟ್ಟಿಯಿಂದ ಅಲ್ಲ, ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿರುವ ಪ್ರಬಂಧಗಳಿಂದ. ಅಲ್ಲಿನ ಕೃತಜ್ಞತೆಯ ಪುಟಗಳನ್ನೂ ಓದಿದೆ. ಎಲ್ಲ ಗೈಡ್‌ಗಳೂ ಪೂಜ್ಯರು, ಎಲ್ಲರೂ ದಾರಿದೀಪ! ಒಂದು ಮಧ್ಯಾಹ್ನ ಸುಮ್ನೆ ಹಾಳಾಯಿತು.

ಫೋನೇ ವಾಸಿ ಅನ್ನಿಸಿತು. "ನಿಮ್ಮ ಗೈಡ್ ಹೇಗೆ?" ಅಂತ ಕೇಳಿದರೆ "ತುಂಬಾ ಒಳ್ಳೆಯವರು ಸರ್" ಅನ್ನುತ್ತಾರೆ. ಅದರ ಬದಲು "ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು?" ಅಂತ ಕೇಳಿದೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಆ ಮೌನವನ್ನೂ ಬರೆದುಕೊಂಡೆ.

ಇತಿಹಾಸದ ಒಬ್ಬ ಮೇಡಂ ಹೆಸರು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಅಸಿಸ್ಟೆಂಟ್ ಪ್ರೊಫೆಸರ್, ಮುಗಿಸಿದವರು ಇಬ್ಬರೇ. ಅದರಲ್ಲಿ ಒಬ್ಬ ತನ್ನ ಹಳೇ ಕರಡನ್ನೇ ತಂದು ತೋರಿಸಿದ. ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಹೀಗೆ ಬರೆದಿತ್ತು: "ಈ ಕಲ್ಲನ್ನು ನೀವೇ ನೋಡಿದಿರಾ, ಇಲ್ಲ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಓದಿದ್ದಾ?" ಎಪಿಗ್ರಾಫಿಯಾ ಅಂದರೆ ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿದ ಸಂಪುಟಗಳು. ಅವನು ಓದಿದ್ದು, ನೋಡಿರಲಿಲ್ಲ. ಮುಂದಿನ ಭಾನುವಾರ ಮೇಡಂ ಅವನನ್ನು ಬಸ್ಸಿನಲ್ಲಿ ಆ ಊರಿಗೆ ಕರೆದುಕೊಂಡು ಹೋದರಂತೆ. ಟಿಕೆಟ್ ಅವರದೇ. ಶಾಸನದ ಕೊನೆಯ ಎರಡು ಸಾಲು ಮಣ್ಣಲ್ಲಿ ಹೂತಿದ್ದವು. ಇಬ್ಬರೂ ಕೂತು ತೆಂಗಿನ ಚಿಪ್ಪಿನಲ್ಲಿ ಕೆರೆದರಂತೆ.

ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಾತ್ರ ಅರ್ಧಕ್ಕೆ ಬಿಟ್ಟವರ ಮಾತು. ಅವರನ್ನು ಯಾರೂ ಕೇಳುವುದೇ ಇಲ್ಲ. ವಿಭಾಗದ ರಿಜಿಸ್ಟರಿನಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೆರೆ ಇರುತ್ತದೆ, ಅಷ್ಟೇ. ಅದೇ ಮೇಡಂ ಹತ್ತಿರ ಇದ್ದ ಒಬ್ಬ ಹುಡುಗಿ ಅಪ್ಪ ತೀರಿಕೊಂಡಾಗ ಬಿಟ್ಟು ಹೋಗಿದ್ದಳು. ಈಗ ಶಾಲೆಯಲ್ಲಿ ಪಾಠ ಮಾಡುತ್ತಾಳೆ. "ಬಿಡ್ತೀನಿ ಅಂದಾಗ ಮೇಡಂ ಬೈಯಲಿಲ್ಲ ಸರ್. ಈ ಕೆಲಸದ ಅರ್ಜಿ ತುಂಬಿಸಿದ್ದೂ ಅವರೇ" ಅಂದಳು. ಇನ್ನೊಬ್ಬ ಗೈಡ್‌ನಿಂದ ದೂರವಾದ ಹುಡುಗ ಆ ಗೈಡ್ ಹೆಸರು ಕೇಳುತ್ತಲೇ ಫೋನ್ ಇಟ್ಟುಬಿಟ್ಟ.

ಮೇಡಂಗೆ ಕೊಡೋಣ ಅಂತ ಬರೆದೆ. ಮೀಟಿಂಗಿನಲ್ಲಿ "ಇಬ್ಬರೇ ಅಲ್ವಾ ಮುಗಿಸಿರೋದು?" ಅನ್ನುವ ಮಾತು ಬಂತು. ಆ ಪೆನ್ಸಿಲ್ ಗುರುತಿನ ಪುಟವನ್ನು ಮೇಜಿನ ಮೇಲಿಟ್ಟೆ. ಮತ್ತೆ ಯಾರೂ ಮಾತಾಡಲಿಲ್ಲ.

ಒಂದು ವಿಷಯ ಮಾತ್ರ ಮೀಟಿಂಗಿನಲ್ಲಿ ಹೇಳಲಿಲ್ಲ. ಊರವರಿಗೆಲ್ಲ ಫೋನ್ ಮಾಡಿ "ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು?" ಅಂತ ಕೇಳುತ್ತಿದ್ದಾಗ, ನನ್ನದೇ ಡ್ರಾಯರಿನಲ್ಲಿ ನನ್ನ ಸ್ಕಾಲರ್‌ನ ಮೂರನೇ ಅಧ್ಯಾಯ ಬಿದ್ದಿತ್ತು. ಕೊಟ್ಟು ನಾಲ್ಕು ತಿಂಗಳಾಗಿತ್ತು. ತೆಗೆದು ನೋಡಿದರೆ ಗುಂಡುಪಿನ್ನಿನ ತುಕ್ಕು ಮೊದಲ ಪುಟಕ್ಕೆ ಹತ್ತಿತ್ತು. ಶನಿವಾರ, ಭಾನುವಾರ ಕೂತು ಓದಿ ಸೋಮವಾರ ಬೆಳಿಗ್ಗೆ ಅವನ ಕೈಗೆ ಕೊಟ್ಟೆ. ಹುಡುಗ ಗಾಬರಿಯಾಗಿ, "ಏನಾದ್ರೂ ತಪ್ಪಾಯ್ತಾ ಸರ್?" ಅಂದ.