ಕುವೈತಿಗೆ ಬರುವ ನಮ್ಮ ಸಭೆಯವರಿಗೆ

ಊರಿನ ಕಡೆಯಿಂದ ಹೊಸದಾಗಿ ಬರುವವರು ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ. "ಅಣ್ಣಾರ, ಅಲ್ಲಿ ಚರ್ಚ್ ಇದೆಯಾ? ಹೋಗಲು ಬಿಡ್ತಾರಾ?"

ಇದೆ, ಬಿಡುತ್ತಾರೆ. ಶುಕ್ರವಾರ ಬೆಳಿಗ್ಗೆ ಕುವೈತ್ ಸಿಟಿಯ ಇವ್ಯಾಂಜಲಿಕಲ್ ಚರ್ಚಿನ ಕಾಂಪೌಂಡಿಗೆ ಬನ್ನಿ. ಹಳೇ ಅಮೆರಿಕನ್ ಮಿಷನ್ನಿನ ಜಾಗ ಅದು, ದೇವಾಲಯ 1931ರದ್ದು. ಒಂದು ಕೋಣೆಯಿಂದ ಮಲಯಾಳಂ ಹಾಡು, ಪಕ್ಕದಿಂದ ತೆಲುಗು, ಆಚೆ ಅರಬ್ಬಿ. ಭಾನುವಾರ ಇಲ್ಲಿ ಕೆಲಸದ ದಿನ, ಹಾಗಾಗಿ ನಮ್ಮ ಆರಾಧನೆ ಹೆಚ್ಚಾಗಿ ಶುಕ್ರವಾರವೇ. ಮೆಡಿಕಲ್, ಬೆರಳಚ್ಚು, ಅಕಾಮಾ ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಸಿವಿಲ್ ಐಡಿ ಎಲ್ಲವನ್ನೂ ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡುವವನು, ಮಾಡಿಸುತ್ತಾನೆ. ಮುಸ್ಲಿಮರಿಗೆ ಮತಪ್ರಚಾರ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ. ರಂಜಾನ್‌ನಲ್ಲಿ ಹಗಲು ಹೊರಗೆ ನೀರು ಕೂಡ ಕುಡಿಯಬೇಡಿ. ಇಷ್ಟು ಪಾಲಿಸಿದರೆ ನಿಮ್ಮ ನಂಬಿಕೆಗೆ ಯಾರೂ ಅಡ್ಡ ಬರುವುದಿಲ್ಲ.

ಆದರೆ ಧೈರ್ಯ ಬೇಕಾಗುವುದು ಬೇರೆ ಕಡೆ. ಅದು ನನಗೆ ತಡವಾಗಿ ಗೊತ್ತಾಯಿತು.

ನಾನು ಬಂದದ್ದು 2009ರಲ್ಲಿ, ಕಟ್ಟಡ ಕೆಲಸದ ಕಂಪನಿಯೊಂದರಲ್ಲಿ ಟೈಮ್ ಕೀಪರ್ ಆಗಿ. ಎರಡನೇ ವರ್ಷ ಆಗಸ್ಟ್‌ನಲ್ಲಿ ಮೇಲಿನವರು ಒಂದು ಹಾಳೆ ಮುಂದಿಟ್ಟರು. ಕೂಲಿಯವರು ರಾತ್ರಿ ದುಡಿದ ಓವರ್‌ಟೈಮ್ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು. "ಸೈನ್ ಹಾಕು" ಅಂದರು. ನಾನು ಕೈಯಾರೆ ಬರೆದಿಟ್ಟ ಲೆಕ್ಕ ನನ್ನ ಡ್ರಾಯರ್‌ನಲ್ಲೇ ಇತ್ತು. ಅಕಾಮಾ ಹೋದರೆ ಏನು ಗತಿ, ತಂಗಿ ಮದುವೆ ಸಾಲ ಯಾರು ತೀರಿಸಬೇಕು ಅಂತ ಹೆದರಿದೆ. ಸೈನ್ ಹಾಕಿದೆ.

ಸಂಬಳದ ದಿನ ಕರೀಂನಗರ ಕಡೆಯ ಒಬ್ಬರು ಸ್ಲಿಪ್ ಹಿಡಿದು ಬಂದರು. ಬೆರಳಿನ ಸಂದಿಯಲ್ಲಿ ಸಿಮೆಂಟ್ ಒಣಗಿತ್ತು. ಅಂಕಿಯ ಮೇಲೆ ಹೆಬ್ಬೆರಳಿಟ್ಟು ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಸ್ಲಿಪ್ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಮರುದಿನ ಶುಕ್ರವಾರ ನಾನು ಕ್ವಾಯರ್‌ನಲ್ಲಿ ಮುಂದಿನ ಸಾಲಲ್ಲಿ ನಿಂತು ಹಾಡಿದೆ.

ಆರು ತಿಂಗಳಾದ ಮೇಲೆ ಅಂಥದ್ದೇ ಹಾಳೆ ಬಂತು. ಆ ಸಲ ಹಾಕಲಿಲ್ಲ. ಕೈ ನಡುಗುತ್ತಿತ್ತು, ನಿಜ. ನನ್ನನ್ನು ದೂರದ ಸೈಟಿಗೆ ಹಾಕಿದರು, ಆ ವರ್ಷ ಇನ್‌ಕ್ರಿಮೆಂಟ್ ಕೊಡಲಿಲ್ಲ, ಅಷ್ಟೇ. ಆದರೆ ಮೊದಲ ಸಲ ಮೋಸ ಹೋದವರು ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದರು. ಆ ದುಡ್ಡನ್ನು ನಾನು ಅವರಿಗೆ ಇವತ್ತಿನವರೆಗೂ ಮುಟ್ಟಿಸಿಲ್ಲ. ದಯವಿಟ್ಟು ಕೇಳಿ. ಹಾಳೆ ಮುಂದೆ ಬಂದಾಗ ಯೋಚನೆ ಮಾಡೋಣ ಅಂದುಕೊಳ್ಳಬೇಡಿ. ಯಾವುದಕ್ಕೆ ಸೈನ್ ಹಾಕುವುದಿಲ್ಲ ಅಂತ ಈಗಲೇ ಮೊಣಕಾಲೂರಿ ತೀರ್ಮಾನ ಮಾಡಿಕೊಂಡು ಬನ್ನಿ. ಮೂರು ತಿಂಗಳ ಖರ್ಚಿನ ದುಡ್ಡು ಬೇರೆ ಇಡಿ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಇಲ್ಲ ಅನ್ನುವುದು ಸುಲಭ.

ಇನ್ನೊಂದು ತಪ್ಪು ಮನೆಯೊಳಗಿನದು. ಶುಕ್ರವಾರ ಚರ್ಚಿಗೆ ಹೋದರೆ ವಾರಕ್ಕೆ ಸಾಕು ಅಂತ ಇದ್ದುಬಿಟ್ಟೆ. ಮನೆ ಪ್ರಾರ್ಥನೆ ಬಿಟ್ಟುಹೋಯಿತು. ಶಿಫ್ಟ್, ಟ್ರಾಫಿಕ್, ಮಕ್ಕಳ ಟ್ಯೂಷನ್, ಕಾರಣಕ್ಕೇನು ಬರ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಚರ್ಚಿನ ಬಾಗಿಲು ಮುಚ್ಚಿತು. ಏಪ್ರಿಲ್‌ನಲ್ಲಿ ನಾವಿದ್ದ ಅಬ್ಬಾಸಿಯಾವನ್ನೇ ಸುತ್ತ ಬಂದ್ ಮಾಡಿದರು. ಮೇ 10ರಿಂದ 30ರವರೆಗೆ ಇಡೀ ದೇಶಕ್ಕೆ ಕರ್ಫ್ಯೂ. ಎರಡು ಕೋಣೆ, ನಾಲ್ಕು ಜನ.

ಆ ಜೂನ್‌ನಲ್ಲಿ ಬೆಟಗೇರಿಯಲ್ಲಿ ಅವ್ವ ತೀರಿಕೊಂಡಳು. ಟಿಕೆಟ್ ಸಿಗಲಿಲ್ಲ. ತಮ್ಮ ಫೋನ್ ಹಿಡಿದುಕೊಂಡು ಸಮಾಧಿ ತೋರಿಸಿದ. ಗಾಳಿಗೆ ಪಾದ್ರಿ ಅಯ್ಯನವರ ಮಾತು ಕೇಳಿಸಲಿಲ್ಲ. ಹಾಡು ಶುರುವಾದಾಗ ನಾನೂ ಹೆಂಡತಿಯೂ ಹಾಡಲು ಹೊರಟೆವು. ಮೊದಲ ಚರಣ ಬಂತು. ಎರಡನೆಯದು ಬರಲಿಲ್ಲ. ಹಾಡಿನ ಪುಸ್ತಕ ಊರಿನ ಟ್ರಂಕ್‌ನಲ್ಲಿತ್ತು. ಮಕ್ಕಳಿಗೆ ಮೊದಲ ಚರಣವೂ ಗೊತ್ತಿರಲಿಲ್ಲ. ಅವ್ವನಿಗೆ ಅದೆಲ್ಲ ಬಾಯಿಪಾಠ. ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. 1914ರಲ್ಲಿ ಮಹಾಯುದ್ಧ ಬಂದಾಗ ನಮ್ಮ ಕಡೆ ಸಭೆ ಕಟ್ಟಿದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದಿಟ್ಟರು. 1834ರಿಂದ ನಾಡಿನಲ್ಲಿದ್ದ ಮಿಷನ್ನಿನ ಆಸರೆ ಹೋಯಿತು. ಆದರೂ ನಮ್ಮ ನೇಕಾರರ ಮನೆಗಳಲ್ಲಿ ಸಂಜೆ ಪ್ರಾರ್ಥನೆ ನಿಲ್ಲಲಿಲ್ಲವಂತೆ. ಪಾದ್ರಿ ಇಲ್ಲದಿದ್ದರೂ ಮನೆ ಹಿರಿಯರಿಗೆ ಬೈಬಲ್‌ನ ಕೀರ್ತನೆಗಳು ಬರುತ್ತಿದ್ದವು. ಯೇಸು ಹೇಳಿದ ಹತ್ತು ಕನ್ಯೆಯರ ಸಾಮ್ಯ ನಾವೆಲ್ಲ ಸಂಡೇ ಸ್ಕೂಲಿನಲ್ಲಿ ಕೇಳಿದವರೇ ಅಲ್ವಾ? ಎಣ್ಣೆ ತರದ ಐವರ ದೀಪ ನಡುರಾತ್ರಿ ಆರುತ್ತಾ ಬಂತು, ಉಳಿದವರು ತಮ್ಮ ಎಣ್ಣೆ ಕೊಡಲಿಲ್ಲ. ನಡುರಾತ್ರಿ ಎಣ್ಣೆ ಸಾಲ ಸಿಗುವುದಿಲ್ಲ ಅಂತ ನನಗೆ ಅರ್ಥವಾದದ್ದು ಅಬ್ಬಾಸಿಯಾದ ಆ ಕೋಣೆಯಲ್ಲಿ.

ಅದಕ್ಕೆ ಬರುವಾಗ ಮನೆಯ ಕನ್ನಡ ಬೈಬಲ್, ಹಾಡಿನ ಪುಸ್ತಕ ತನ್ನಿ. ಸ್ವಂತಕ್ಕೆ ಒಂದೊಂದು ಸಾಕು, ಹಂಚಲು ಕಟ್ಟು ಕಟ್ಟಿ ತರಬೇಡಿ. 23, 91, 121, ಈ ಮೂರು ಕೀರ್ತನೆ ಬಾಯಿಪಾಠ ಮಾಡಿ. ರಾತ್ರಿ ಹತ್ತೇ ನಿಮಿಷ ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ. ಸುಸ್ತಾದ ದಿನವೂ ಬಿಡಬೇಡಿ. ಮಕ್ಕಳು ಇಂಗ್ಲಿಷ್‌ನಲ್ಲಿ ಪ್ರಾರ್ಥಿಸಿದರೆ ತಡೆಯಬೇಡಿ, ದೇವರಿಗೆ ಅರ್ಥವಾಗುತ್ತದೆ. ಆದರೆ ಊರಲ್ಲಿರುವ ಅಜ್ಜಿಗೆ ಅರ್ಥವಾಗುವುದಿಲ್ಲ. ಆ ನೋವು ನನಗೆ ಈಗಲೂ ಇದೆ. ನನ್ನ ಮಗಳು ಕನ್ನಡದಲ್ಲಿ ಮಾಡಿದ ಪ್ರಾರ್ಥನೆಯನ್ನು ಅವ್ವ ಒಮ್ಮೆಯೂ ಕೇಳಲಿಲ್ಲ.

ಅವ್ವನ ಪುಸ್ತಕ ಈಗ ನಮ್ಮಲ್ಲಿದೆ. ಅರಿಶಿನದ ಕಲೆ ಇರುವ ಪುಟವನ್ನೇ ಮಗಳು ದಿನಾ ತೆಗೆಯುತ್ತಾಳೆ. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತದೆ. ನಾವು ಕಾಯುತ್ತೇವೆ. ನಿನ್ನೆ ಎರಡನೇ ಚರಣ ಮುಗಿಸಿದಳು.